ಎಣಿಕೆ ಸಿಕ್ಕಿತು, ಅರ್ಥ ಸಿಕ್ಕಿತೇ?

ಹುಟ್ಟುವ ಮುನ್ನವೇ ಮಗುವಿನ ವರ್ಣತಂತುಗಳನ್ನು ನೋಡುವ ವಿದ್ಯೆ ವೈದ್ಯಲೋಕಕ್ಕೆ ಕರಗತವಾಗಿ ಅರ್ಧ ಶತಮಾನ ದಾಟಿದೆ. ಆದರೆ ಅಪರೂಪದ ದೋಷವೊಂದು ಕಣ್ಣಿಗೆ ಬಿದ್ದಾಗ ಆ ವರದಿ ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು?

ಮನುಷ್ಯನ ಜೀವಕೋಶವೊಂದರಲ್ಲಿ ಎಷ್ಟು ವರ್ಣತಂತುಗಳಿವೆ? ಈ ಸರಳ ಪ್ರಶ್ನೆಗೆ ಪಠ್ಯಪುಸ್ತಕಗಳು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತಪ್ಪು ಉತ್ತರವನ್ನೇ ಕೊಟ್ಟವು. 1923ರಲ್ಲಿ ಅಮೆರಿಕದ ಥಿಯೋಫಿಲಸ್ ಪೇಂಟರ್ ಸೂಕ್ಷ್ಮದರ್ಶಕದಡಿ ಎಣಿಸಿ 48 ಎಂದಿದ್ದರು. ಮುಂದೆ ನೋಡಿದವರೂ ಹೆಚ್ಚಾಗಿ ಅದನ್ನೇ ಒಪ್ಪಿಕೊಂಡರು. 1956ರಲ್ಲಿ ಜಾವಾ ದ್ವೀಪದಲ್ಲಿ ಹುಟ್ಟಿದ ಜೋ ಹಿನ್ ಜಿಯೋ ಮತ್ತು ಸ್ವೀಡನ್ನಿನ ಆಲ್ಬರ್ಟ್ ಲೆವಾನ್ ಆ ಲೆಕ್ಕವನ್ನು ತಿದ್ದಿದರು. ಲುಂಡ್ ನಗರದ ಪ್ರಯೋಗಾಲಯದಲ್ಲಿ ಭ್ರೂಣದ ಶ್ವಾಸಕೋಶದ ಕೋಶಗಳನ್ನು ಹರಡಿ ನೋಡಿದಾಗ ಸ್ಪಷ್ಟವಾಗಿ ಕಂಡದ್ದು 46.

ಎಣಿಕೆ ಸರಿಯಾದ ಮೇಲೆ ಏರುಪೇರು ಗುರುತಿಸುವುದು ತಡವಾಗಲಿಲ್ಲ. 1959ರಲ್ಲಿ ಪ್ಯಾರಿಸ್ಸಿನ ಜೆರೋಮ್ ಲೆಜ್ಯೂನ್, ಮಾರ್ಥ್ ಗೋಟಿಯೆ ಮತ್ತು ರೇಮಂಡ್ ತುರ್ಪಿನ್, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಿರುವುದನ್ನು ಪ್ರಕಟಿಸಿದರು. 1960ರಲ್ಲಿ 18 ಮತ್ತು 13ನೆಯ ವರ್ಣತಂತುಗಳು ಮೂರಾಗುವ ಎಡ್ವರ್ಡ್ಸ್ ಮತ್ತು ಪಟೌ ಸಿಂಡ್ರೋಮ್‌ಗಳು ಬೆಳಕಿಗೆ ಬಂದವು. 1966ರಲ್ಲಿ ಸ್ಟೀಲ್ ಮತ್ತು ಬ್ರೆಗ್ ಎಂಬ ವೈದ್ಯರು, ಗರ್ಭಜಲದಲ್ಲಿ ತೇಲುವ ಮಗುವಿನ ಕೋಶಗಳನ್ನು ಬೆಳೆಸಿ ವರ್ಣತಂತುಗಳನ್ನು ಎಣಿಸಬಹುದೆಂದು ತೋರಿಸಿದರು. 1968ರ ಹೊತ್ತಿಗೆ ಹುಟ್ಟುವ ಮುನ್ನವೇ ಡೌನ್ ಸಿಂಡ್ರೋಮ್ ಪತ್ತೆ ಮಾಡಿದ ವರದಿಗಳು ಬಂದಿದ್ದವು. ಸರಿಯಾದ ಎಣಿಕೆಯಿಂದ ಗರ್ಭದೊಳಗಿನ ಎಣಿಕೆಯವರೆಗೆ ಹಿಡಿದದ್ದು ಹನ್ನೆರಡೇ ವರ್ಷ.

ಡೌನ್ ಸಿಂಡ್ರೋಮ್ ಪತ್ತೆಯಾದರೆ ವೈದ್ಯರು ಹೇಳಲು ಬಹಳಷ್ಟಿದೆ. ಲಕ್ಷಾಂತರ ಮಂದಿ ಆ ಸ್ಥಿತಿಯೊಂದಿಗೆ ಬದುಕಿದ್ದಾರೆ. ಅವರ ಕಲಿಕೆ, ಹೃದಯದ ತೊಂದರೆ, ಆಯಸ್ಸು ಎಲ್ಲವೂ ದಾಖಲಾಗಿವೆ. ಆದರೆ 9ನೆಯ ವರ್ಣತಂತು ಕೆಲವು ಕೋಶಗಳಲ್ಲಿ ಮಾತ್ರ ಮೂರಿದ್ದರೆ? 4ರ ತುದಿ ಮುರಿದು 11ಕ್ಕೆ ಅಂಟಿಕೊಂಡಿದ್ದರೆ? ಎಲ್ಲಿಂದ ಬಂತೆಂದೇ ತಿಳಿಯದ ಪುಟ್ಟ ತುಣುಕೊಂದು 47ನೆಯದಾಗಿ ಕುಳಿತಿದ್ದರೆ? ಇಲ್ಲಿ ಯಂತ್ರ ಎಣಿಸುತ್ತದೆ, ಚಿತ್ರ ಕೊಡುತ್ತದೆ. ಆ ಚಿತ್ರದ ಅರ್ಥವೇನೆಂಬ ಪ್ರಶ್ನೆ ಮಾತ್ರ ಗರ್ಭಿಣಿಯ ಮಡಿಲಲ್ಲೇ ಉಳಿಯುತ್ತದೆ.

ಇಪ್ಪತ್ಮೂರು ಸಂಪುಟಗಳು

ವರ್ಣತಂತುಗಳನ್ನು 23 ಸಂಪುಟಗಳ ವಿಶ್ವಕೋಶಕ್ಕೆ ಹೋಲಿಸಬಹುದು. ಪ್ರತಿ ಸಂಪುಟಕ್ಕೂ ಎರಡು ಪ್ರತಿ. ಒಂದು ತಾಯಿ ಕೊಟ್ಟದ್ದು, ಇನ್ನೊಂದು ತಂದೆ ಕೊಟ್ಟದ್ದು. ಒಂದು ಸಂಪುಟದ ಮೂರನೆಯ ಪ್ರತಿ ಸೇರಿಕೊಂಡರೆ ಅದು ಟ್ರೈಸೋಮಿ. ಸಂಪುಟದಿಂದ ಕೆಲವು ಪುಟ ಹರಿದುಹೋಗಿದ್ದರೆ ಕೊರತೆ, ಅವೇ ಪುಟ ಎರಡು ಬಾರಿ ಅಚ್ಚಾಗಿದ್ದರೆ ನಕಲು. ನಾಲ್ಕನೆಯ ಸಂಪುಟದ ಪುಟಗಳು ಹನ್ನೊಂದನೆಯದರಲ್ಲಿ, ಅಲ್ಲಿನವು ಇಲ್ಲಿ ಹೊಲಿಗೆಯಾಗಿದ್ದರೆ ಅದು ಸ್ಥಾನಾಂತರ. ಒಟ್ಟು ಪುಟ ಕಡಿಮೆಯೂ ಆಗಿಲ್ಲ, ಹೆಚ್ಚೂ ಆಗಿಲ್ಲ ಎಂದಾದರೆ 'ಸಮತೋಲಿತ' ಸ್ಥಾನಾಂತರ. ಯಾವ ಸಂಪುಟದ್ದೆಂದು ಸುಲಭವಾಗಿ ಗುರುತು ಸಿಗದ ಚೂರು ಸೇರಿದ್ದರೆ ಅದಕ್ಕೆ 'ಮಾರ್ಕರ್' ವರ್ಣತಂತು ಎಂದು ಹೆಸರು.

ಇಂಥ ತಪ್ಪುಗಳು ಪ್ರಕೃತಿಯಲ್ಲಿ ಅಪರೂಪವಲ್ಲ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ವರ್ಣತಂತು ದೋಷವೇ ಕಾರಣ. ಆ ಸಾಲಿನಲ್ಲಿ ಅತಿ ಹೆಚ್ಚಾಗಿ ಕಾಣುವ ಟ್ರೈಸೋಮಿ 16ನೆಯ ವರ್ಣತಂತುವಿನದು. ಎಲ್ಲ ಕೋಶಗಳಲ್ಲೂ 16 ಮೂರಿರುವ ಭ್ರೂಣ ಉಳಿಯುವುದಿಲ್ಲ. ಹಾಗಾಗಿಯೇ ಹುಟ್ಟುವ ಮಕ್ಕಳಲ್ಲಿ ಒಂದೊಂದು ದೋಷವೂ ವಿರಳ. 5ನೆಯ ವರ್ಣತಂತುವಿನ ಗಿಡ್ಡ ತೋಳಿನ ತುಂಡು ಕಳೆದುಹೋಗುವ 'ಕ್ರಿ ದು ಶಾ' ಸ್ಥಿತಿ ಸುಮಾರು 15 ಸಾವಿರದಿಂದ 50 ಸಾವಿರ ಜನನಗಳಿಗೆ ಒಂದು. ಹಸುಳೆಯ ಅಳು ಬೆಕ್ಕಿನ ಮರಿಯ ಕೂಗಿನಂತಿರುವುದರಿಂದ 1963ರಲ್ಲಿ ಲೆಜ್ಯೂನ್ ಇಟ್ಟ ಫ್ರೆಂಚ್ ಹೆಸರದು. 4ನೆಯ ವರ್ಣತಂತುವಿನ ತುಂಡು ಕಳೆಯುವ ವುಲ್ಫ್-ಹರ್ಷ್‌ಹಾರ್ನ್ ಸ್ಥಿತಿ ಸುಮಾರು 50 ಸಾವಿರಕ್ಕೊಂದು. ಇನ್ನು ಸ್ಥಾನಾಂತರಗಳ ಕಥೆಯೇ ಬೇರೆ. ಮುರಿತದ ಜಾಗ ಒಬ್ಬರಿಂದ ಒಬ್ಬರಿಗೆ ಬದಲಾಗುವುದರಿಂದ ಎಷ್ಟೋ ಸಲ ಜಗತ್ತಿನಲ್ಲಿ ಅದೇ ಬಗೆಯ ಇನ್ನೊಂದು ಪ್ರಕರಣವೇ ದಾಖಲಾಗಿರುವುದಿಲ್ಲ.

ನೋಡುವ ಮೂರು ದಾರಿ

ಗರ್ಭಸ್ಥ ಶಿಶುವಿನ ವರ್ಣತಂತು ನೋಡಲು ಮುಖ್ಯವಾಗಿ ಮೂರು ದಾರಿಗಳಿವೆ. ಎಲ್ಲಕ್ಕಿಂತ ಹಳೆಯದು ಗರ್ಭಜಲ ಪರೀಕ್ಷೆ, ಅಂದರೆ ಆಮ್ನಿಯೋಸೆಂಟೆಸಿಸ್. 15 ವಾರ ತುಂಬಿದ ಮೇಲೆ, ಅಲ್ಟ್ರಾಸೌಂಡ್ ತೆರೆ ನೋಡುತ್ತ ಹೊಟ್ಟೆಯ ಮೂಲಕ ತೆಳುವಾದ ಸೂಜಿ ತೂರಿಸಿ 15ರಿಂದ 20 ಮಿಲಿಲೀಟರ್ ಗರ್ಭಜಲ ತೆಗೆಯುತ್ತಾರೆ. ಅದರಲ್ಲಿರುವ ಕೋಶಗಳು ಮಗುವಿನ ಚರ್ಮ, ಮೂತ್ರನಾಳಗಳಿಂದ ಉದುರಿದಂಥವು. ಅವನ್ನು ಬೆಳೆಸಿ, ಬಣ್ಣ ಹಚ್ಚಿ, ಪಟ್ಟೆಪಟ್ಟೆಯಾಗಿ ಕಾಣುವ ವರ್ಣತಂತುಗಳನ್ನು ಜೋಡಿಸಿ ನೋಡಲು ಎರಡು ವಾರಗಳಾದರೂ ಬೇಕು.

ಎರಡನೆಯದು ಮಾಸಿನ ಎಳೆಗಳನ್ನು ತೆಗೆದು ನೋಡುವ ಸಿ.ವಿ.ಎಸ್. 1983ರಲ್ಲಿ ಇಟಲಿಯ ಮಿಲಾನ್ ನಗರದ ಬ್ರಾಂಬಾಟಿ ಮತ್ತು ಸಿಮೋನಿ ಅವರ ಕೆಲಸದಿಂದ ಇದು ಹೆಸರುವಾಸಿಯಾಯಿತು. 11ರಿಂದ 13 ವಾರದೊಳಗೇ ಮಾಡಬಹುದು ಎಂಬುದು ಇದರ ಅನುಕೂಲ. ಎರಡರಲ್ಲೂ ಗರ್ಭಪಾತದ ಅಪಾಯವಿದೆ. ಹಿಂದೆಲ್ಲ ಇನ್ನೂರಕ್ಕೊಂದು ಎನ್ನುತ್ತಿದ್ದರು. ನುರಿತ ಕೈಗಳಲ್ಲಿ ಅದು ಇನ್ನೂ ಕಡಿಮೆ ಎಂದು ಈಚಿನ ಅಧ್ಯಯನಗಳು ಹೇಳುತ್ತವೆ.

ಮೂರನೆಯದು ತಾಯಿಯ ರಕ್ತ ಪರೀಕ್ಷೆ. ಹಾಂಗ್‌ಕಾಂಗ್‌ನ ಡೆನ್ನಿಸ್ ಲೋ ಮತ್ತು ಸಂಗಡಿಗರು 1997ರಲ್ಲಿ, ಗರ್ಭಿಣಿಯ ರಕ್ತದಲ್ಲಿ ಭ್ರೂಣದ ಡಿಎನ್‌ಎ ಚೂರುಗಳು ಹರಿದಾಡುತ್ತವೆ ಎಂದು ಕಂಡುಕೊಂಡರು. 2011ರಿಂದ ಇದು 'ಎನ್.ಐ.ಪಿ.ಟಿ.' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 10 ವಾರವಾದರೆ ಸಾಕು. ತೋಳಿನಿಂದ ರಕ್ತ ತೆಗೆದರಾಯಿತು. ಮಗುವಿಗೆ ಯಾವ ಅಪಾಯವೂ ಇಲ್ಲ. ಡೌನ್ ಸಿಂಡ್ರೋಮ್‌ನ ಮಟ್ಟಿಗೆ ಇದು ಬಹಳ ನಂಬಲರ್ಹ. ಆದರೆ ಇದು ಜರಡಿ ಮಾತ್ರ, ತೀರ್ಪಲ್ಲ. ಈ ವ್ಯತ್ಯಾಸ ಮರೆತರೆ ಅನಾಹುತವಾದೀತು.

ಒಂದು ಊಹೆಯ ಲೆಕ್ಕ ನೋಡಿ. 20 ಸಾವಿರಕ್ಕೆ ಒಂದು ಮಗುವಿನಲ್ಲಿ ಕಾಣುವ ದೋಷವೊಂದಿದೆ ಎನ್ನೋಣ. ಪರೀಕ್ಷೆ ಆ ಒಂದನ್ನು ತಪ್ಪದೆ ಹಿಡಿಯುತ್ತದೆ. ದೋಷವಿಲ್ಲದವರಲ್ಲಿ ಸಾವಿರಕ್ಕೊಬ್ಬರಿಗೆ ಮಾತ್ರ 'ಇದೆ' ಎಂದು ತಪ್ಪು ಹೇಳುತ್ತದೆ. ಕೇಳಲು ಅದ್ಭುತವಾದ ಪರೀಕ್ಷೆ! ಆದರೆ 20 ಸಾವಿರ ಗರ್ಭಿಣಿಯರನ್ನು ಪರೀಕ್ಷಿಸಿದರೆ ನಿಜವಾದ 'ಇದೆ' ಒಂದು, ಸುಳ್ಳು 'ಇದೆ' ಇಪ್ಪತ್ತು. ವರದಿ ಹಿಡಿದು ಅಳುವ 21 ಮಂದಿಯಲ್ಲಿ 20 ಮಂದಿಯ ಮಗುವಿಗೆ ಆ ದೋಷವೇ ಇಲ್ಲ. ದೋಷ ಅಪರೂಪವಾದಷ್ಟೂ ಈ ಅನುಪಾತ ಹದಗೆಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2022ರ ಏಪ್ರಿಲ್‌ನಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿತು. ಈ ರಕ್ತ ಪರೀಕ್ಷೆಯೊಂದನ್ನೇ ನಂಬಿ ಬಸಿರಿನ ಬಗ್ಗೆ ನಿರ್ಧಾರ ಮಾಡಬಾರದು, ಖಚಿತಪಡಿಸುವ ಪರೀಕ್ಷೆ ಆಗಲೇಬೇಕು ಎಂಬುದು ಅದರ ತಿರುಳು.

ಮಾಸು ಹೇಳುವ ಸಾಕ್ಷ್ಯ

ತಾಯಿಯ ರಕ್ತದಲ್ಲಿ ಸಿಗುವ 'ಭ್ರೂಣದ ಡಿಎನ್‌ಎ' ನಿಜಕ್ಕೂ ಬರುವುದು ಮಾಸಿನಿಂದ. ಸಿ.ವಿ.ಎಸ್.ನಲ್ಲಿ ತೆಗೆಯುವುದೂ ಮಾಸಿನ ಎಳೆಯನ್ನೇ. ಮಗುವೂ ಮಾಸೂ ಒಂದೇ ಅಂಡದಿಂದ ಬಂದ ಒಡಹುಟ್ಟುಗಳಂತೆ ನಿಜ. ಆದರೆ ಒಡಹುಟ್ಟುಗಳು ಯಾವಾಗಲೂ ಒಂದೇ ತೆರನಾಗಿರಬೇಕೆಂದಿಲ್ಲ.

ಇದನ್ನು 1983ರಲ್ಲಿ ಕೆನಡಾದ ವ್ಯಾಂಕೂವರ್‌ನ ಡಾಗ್ಮರ್ ಕಲೌಸೆಕ್ ಮತ್ತು ಫ್ರೆಡ್ ಡಿಲ್ ತೋರಿಸಿಕೊಟ್ಟರು. ಮಾಸಿನ ಕೋಶಗಳಲ್ಲಿ ವರ್ಣತಂತು ದೋಷವಿದ್ದರೂ ಮಗುವಿನ ಕೋಶಗಳು ಸರಿಯಾಗಿರಬಹುದು. ಅದಕ್ಕೆ ಕಾರಣವೂ ಕುತೂಹಲಕರ. ಕೆಲವೊಮ್ಮೆ ಭ್ರೂಣ ಮೂರು ಪ್ರತಿಯೊಂದಿಗೇ ಶುರುವಾಗುತ್ತದೆ. ಕೋಶಗಳು ಒಡೆದು ಎರಡು, ನಾಲ್ಕು, ಎಂಟಾಗುವ ಹೊತ್ತಿನಲ್ಲಿ ಯಾವುದೋ ಕೋಶ ಹೆಚ್ಚುವರಿ ಪ್ರತಿಯನ್ನು ಉದುರಿಸಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಸರಿಯಾದ ಆ ಕೋಶದ ಸಂತತಿ ಮಗುವಾದರೆ, ದೋಷ ಉಳಿದ ಕೋಶಗಳ ಸಂತತಿ ಮಾಸಿನಲ್ಲಿ ಉಳಿಯುತ್ತದೆ. ಸಿ.ವಿ.ಎಸ್. ಮಾಡಿಸಿದ ನೂರರಲ್ಲಿ ಒಂದೆರಡು ಪ್ರಕರಣಗಳಲ್ಲಿ ಹೀಗೆ ಸರಿಯಾದ ಮತ್ತು ದೋಷವುಳ್ಳ ಕೋಶಗಳ ಬೆರಕೆ ಕಾಣುತ್ತದೆ. ಇದಕ್ಕೆ ಮೊಸಾಯಿಸಿಸಂ ಎನ್ನುತ್ತಾರೆ. ಅವುಗಳಲ್ಲಿ ಬಹುಪಾಲು ಮಾಸಿಗಷ್ಟೇ ಸೀಮಿತ.

ಹಾಗೆಂದು 'ಮಾಸಿನಲ್ಲಷ್ಟೇ ಇದೆ' ಎಂದ ಕೂಡಲೇ ನಿಟ್ಟುಸಿರು ಬಿಡುವಂತಿಲ್ಲ. ಮಾಸಿನಲ್ಲಿ 16ನೆಯ ವರ್ಣತಂತು ಮೂರಿದ್ದರೆ ಮಾಸು ಸರಿಯಾಗಿ ಕೆಲಸ ಮಾಡದೆ ಮಗುವಿನ ಬೆಳವಣಿಗೆ ಕುಂಠಿತವಾಗಬಹುದು, ಹೆರಿಗೆ ಬೇಗ ಆಗಬಹುದು. ಜೊತೆಗೆ, ಉದುರಿದ ಪ್ರತಿ ಅಪ್ಪನದಾಗಿದ್ದರೆ ಮಗುವಿನಲ್ಲಿ ಉಳಿಯುವ ಎರಡೂ ಪ್ರತಿ ಅಮ್ಮನವೇ ಆಗುತ್ತವೆ. ಹೆಚ್ಚಿನ ವರ್ಣತಂತುಗಳಲ್ಲಿ ಇದರಿಂದ ತೊಂದರೆಯಿಲ್ಲ. 15ನೆಯದರಲ್ಲಿ ಹಾಗಾದರೆ ಮಾತ್ರ ಪ್ರಾಡರ್-ವಿಲ್ಲಿ ಎಂಬ ಗಂಭೀರ ಸ್ಥಿತಿ ಉಂಟಾಗುತ್ತದೆ. ಎಣಿಸಿದರೆ ಸರಿಯಾಗಿ 46. ದೋಷ ಇರುವುದು ಸಂಖ್ಯೆಯಲ್ಲಲ್ಲ, ಯಾರಿಂದ ಬಂತು ಎಂಬುದರಲ್ಲಿ!

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. ಪಾಲಿಸ್ಟರ್-ಕಿಲಿಯನ್ ಸಿಂಡ್ರೋಮ್‌ನಲ್ಲಿ 12ನೆಯ ವರ್ಣತಂತುವಿನ ಗಿಡ್ಡ ತೋಳುಗಳಿಂದಾದ ಹೆಚ್ಚುವರಿ ತುಣುಕು ಚರ್ಮದ ಕೋಶಗಳಲ್ಲಿರುತ್ತದೆ. ರಕ್ತದಲ್ಲಿ ಹುಡುಕಿದರೆ ಎಷ್ಟೋ ಸಲ ಸಿಗುವುದೇ ಇಲ್ಲ. ಆದ್ದರಿಂದ ಅಪರೂಪದ ದೋಷದ ವರದಿ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ 'ಏನು ಕಂಡಿತು' ಎಂಬುದಲ್ಲ. 'ಯಾವ ಕೋಶದಲ್ಲಿ ಕಂಡಿತು' ಎಂಬುದು. ಮಾಸಿನಲ್ಲಿ ಕಂಡದ್ದನ್ನು ಗರ್ಭಜಲದಲ್ಲಿ ಮತ್ತೆ ನೋಡುವ ರೂಢಿ ಬಂದಿರುವುದು ಇದಕ್ಕಾಗಿಯೇ.

ನೂರರಲ್ಲಿ ಆರು

ಕಂಡ ದೋಷ ಮಗುವಿನದೇ ಎಂದು ಖಚಿತವಾದರೂ ಪ್ರಶ್ನೆ ಮುಗಿಯುವುದಿಲ್ಲ. ತಂದೆ-ತಾಯಿ ಇಬ್ಬರಲ್ಲೂ ಇಲ್ಲದ, ಮಗುವಿನಲ್ಲಿ ಹೊಸದಾಗಿ ಹುಟ್ಟಿದ ಸಮತೋಲಿತ ಸ್ಥಾನಾಂತರ ಕಂಡರೆ ಏನು ಹೇಳಬೇಕು? ಪುಟಗಳೆಲ್ಲ ಇವೆ, ಜಾಗ ಮಾತ್ರ ಬದಲಾಗಿದೆ. ಆದರೆ ಮುರಿತ ಆದದ್ದು ಒಂದು ಮುಖ್ಯ ವಾಕ್ಯದ ನಡುವೆಯೇ ಆಗಿದ್ದರೆ?

ಇದಕ್ಕೆ ಮೊದಲು ಅಂಕಿಯ ಉತ್ತರ ಕೊಟ್ಟವರು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಡೊರೊಥಿ ವಾರ್ಬರ್ಟನ್. ಅಮೆರಿಕ ಮತ್ತು ಕೆನಡಾದ ಪ್ರಯೋಗಾಲಯಗಳಿಂದ 3 ಲಕ್ಷ 77 ಸಾವಿರಕ್ಕೂ ಹೆಚ್ಚು ಗರ್ಭಜಲ ಪರೀಕ್ಷೆಗಳ ಮಾಹಿತಿ ಕಲೆಹಾಕಿ ಅವರು 1991ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಈ ಕ್ಷೇತ್ರದ ಆಧಾರಸ್ತಂಭ. ಹೊಸ ಸ್ಥಾನಾಂತರವಿದ್ದ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು ಆರರಲ್ಲಿ ಗಂಭೀರ ದೋಷ ಕಂಡಿತ್ತು. ಮಾರ್ಕರ್ ವರ್ಣತಂತು ಇದ್ದವರಲ್ಲಿ ಅದು ನೂರಕ್ಕೆ ಹದಿಮೂರರಷ್ಟು. ಯಾವ ದೋಷವೂ ಕಾಣದ ಸಾಮಾನ್ಯ ಬಸಿರಿನಲ್ಲೂ ನೂರಕ್ಕೆ ಎರಡು ಮೂರು ಮಕ್ಕಳು ಗಂಭೀರ ತೊಂದರೆಯೊಂದಿಗೆ ಹುಟ್ಟುತ್ತವೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಂದರೆ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟಿದ್ದರು.

ಕಾಲು ಶತಮಾನದ ಕಾಲ ಲೋಕದಾದ್ಯಂತ ಆಪ್ತಸಲಹೆಗಾರರು ಈ ಅಂಕಿಯನ್ನೇ ಹೇಳುತ್ತ ಬಂದರು. ಆದರೆ ಅದು ಹುಟ್ಟಿನ ಹೊತ್ತಿನಲ್ಲಿ ಕಣ್ಣಿಗೆ ಕಂಡದ್ದರ ಲೆಕ್ಕ. ಮಗು ಶಾಲೆಗೆ ಹೋದಾಗ, ಯೌವನಕ್ಕೆ ಕಾಲಿಟ್ಟಾಗ ಏನಾಯಿತು? 2018ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಇದಕ್ಕೆ ಉತ್ತರ ಹುಡುಕಿದರು. ಗರ್ಭದಲ್ಲಿದ್ದಾಗ ಇಂಥ ಹೊಸ ಮರುಜೋಡಣೆ ಪತ್ತೆಯಾಗಿದ್ದ, ಸ್ಕ್ಯಾನಿಂಗ್‌ನಲ್ಲಿ ಯಾವ ದೋಷವೂ ಕಾಣದಿದ್ದ 41 ಮಂದಿಯನ್ನು ಸರಾಸರಿ 17 ವರ್ಷ ಹಿಂಬಾಲಿಸಿ ನೋಡಿದಾಗ, ಸುಮಾರು ನೂರಕ್ಕೆ 27ರಷ್ಟು ಮಂದಿಯಲ್ಲಿ ಬೆಳವಣಿಗೆಯ ಇಲ್ಲವೆ ಮಾನಸಿಕ ಸಮಸ್ಯೆಗಳು ಕಂಡವು. ಇದು ಸಣ್ಣ ಗುಂಪು, ನಿಜ. ಆದರೂ ಆರು ಇಪ್ಪತ್ತೇಳಾಗುವುದು ಸಣ್ಣ ಮಾತಲ್ಲ. ಅದೇ ಚಿತ್ರ, ಅದೇ ವರ್ಣತಂತು. ಬದಲಾದದ್ದು, ಎಷ್ಟು ಕಾಲ ಕಾದು ನೋಡಿದರು ಎಂಬುದೊಂದೇ.

ಹೆಚ್ಚು ಕಂಡಷ್ಟೂ ಹೆಚ್ಚು ಪ್ರಶ್ನೆ

ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಸಣ್ಣ ಕೊರತೆ, ನಕಲುಗಳನ್ನೂ ಹಿಡಿಯುವ ಪರೀಕ್ಷೆಗೆ ಮೈಕ್ರೋಅರೇ ಎಂದು ಹೆಸರು. 4 ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡ ಅಮೆರಿಕದ ದೊಡ್ಡ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಸರಿಯೆಂದು ಕಂಡಿದ್ದರೂ, ಸ್ಕ್ಯಾನಿಂಗ್‌ನಲ್ಲಿ ಅಂಗದೋಷ ಕಂಡಿದ್ದ ಶಿಶುಗಳಲ್ಲಿ ನೂರಕ್ಕೆ ಆರರಲ್ಲಿ ಮಹತ್ವದ ಕೊರತೆ ಅಥವಾ ನಕಲು ಸಿಕ್ಕಿತು. ತಾಯಿಯ ವಯಸ್ಸಿನಂಥ ಕಾರಣಕ್ಕೆ ಪರೀಕ್ಷೆಗೆ ಬಂದವರಲ್ಲೂ ನೂರಕ್ಕೆ 1.7ರಷ್ಟು. ಹಿಂದೆ 'ಎಲ್ಲ ಸರಿಯಿದೆ' ಎಂದು ಕಳಿಸುತ್ತಿದ್ದ ಎಷ್ಟೋ ಮಂದಿಗೆ ಇದರಿಂದ ನಿಜವಾದ ಉತ್ತರ ಸಿಕ್ಕಿದೆ.

ಆದರೆ ಈ ಹೊಸ ಕಣ್ಣಿಗೆ ಸಮತೋಲಿತ ಸ್ಥಾನಾಂತರ ಕಾಣುವುದಿಲ್ಲ. ಪುಟಗಳ ಲೆಕ್ಕ ಸರಿಯಿದ್ದರೆ ಅದಕ್ಕೆ ಎಲ್ಲವೂ ಸರಿ. ಇನ್ನೊಂದು ತೊಡಕೆಂದರೆ, ಅದು ಅರ್ಥ ಗೊತ್ತಿಲ್ಲದ್ದನ್ನೂ ಎತ್ತಿ ತೋರಿಸುತ್ತದೆ. 'ಮಹತ್ವ ಅನಿಶ್ಚಿತ' ಎಂಬ ಷರಾ ಇರುವ ವರದಿಗಳು ಹೆಚ್ಚಾಗಿರುವುದು ಹೀಗೆ. 15 ಮತ್ತು 16ನೆಯ ವರ್ಣತಂತುಗಳಲ್ಲಿ ಕಾಣುವ ಕೆಲವು ಸಣ್ಣ ಕೊರತೆಗಳು ಕೆಲವರಲ್ಲಿ ಕಲಿಕೆಯ ತೊಂದರೆ, ಮೂರ್ಛೆರೋಗ ತಂದರೆ ಇನ್ನು ಕೆಲವರಲ್ಲಿ ಏನನ್ನೂ ಮಾಡುವುದಿಲ್ಲ. ಮಗುವಿನಲ್ಲಿ ಕೊರತೆ ಕಂಡು ತಂದೆ-ತಾಯಿಯ ರಕ್ತ ನೋಡಿದರೆ, ಉದ್ಯೋಗ, ಸಂಸಾರ ಎಲ್ಲವನ್ನೂ ಸರಾಗವಾಗಿ ನಡೆಸುತ್ತಿರುವ ಅಪ್ಪನಲ್ಲೋ ಅಮ್ಮನಲ್ಲೋ ಅದೇ ಕೊರತೆ ಸಿಗುವುದುಂಟು.

ವೈದ್ಯಕೀಯ ಪುಸ್ತಕಗಳಲ್ಲಿ ಅಪರೂಪದ ದೋಷಗಳ ವಿವರ ಬಂದಿರುವುದು ಹೆಚ್ಚಾಗಿ ತೊಂದರೆಯಿಂದ ಆಸ್ಪತ್ರೆಗೆ ಬಂದ ಮಕ್ಕಳಿಂದ. ಅದೇ ದೋಷವಿದ್ದೂ ಆರೋಗ್ಯವಾಗಿರುವವರು ಪರೀಕ್ಷೆಗೆ ಬಂದವರಲ್ಲ, ಅವರ ಕಥೆ ಪುಸ್ತಕ ಸೇರಿಲ್ಲ. ಇದನ್ನು ನೆನಪಿನಲ್ಲಿಟ್ಟು ಓದದಿದ್ದರೆ ಪುಸ್ತಕದ ಚಿತ್ರ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ.

ಯಾರ ಪಾಪ, ಯಾರ ದೋಷ?

ನಮ್ಮಲ್ಲಿ ಇಂಥ ವರದಿ ಬಂದರೆ ಮನೆಯೊಳಗೆ ಮೊದಲು ಏಳುವ ಪ್ರಶ್ನೆ ಬೇರೆಯೇ. ಗ್ರಹಣದ ದಿನ ಹೊರಗೆ ಬಂದಿದ್ದಳೇ? ಅವಳ ತವರಿನಲ್ಲಿ ಯಾರಿಗಾದರೂ ಹೀಗಿತ್ತೇ? ವಿಜ್ಞಾನದ ಉತ್ತರ ನೇರವಾದುದು. ಹೆಚ್ಚಿನ ಟ್ರೈಸೋಮಿಗಳು ಅಂಡ ಇಲ್ಲವೆ ವೀರ್ಯಾಣು ರೂಪುಗೊಳ್ಳುವಾಗ ಆಗುವ ಹಂಚಿಕೆಯ ಎಡವಟ್ಟುಗಳು. ತಾಯಿಯ ವಯಸ್ಸು ಏರಿದಂತೆ ಅವು ಹೆಚ್ಚುತ್ತವೆ. ಡೌನ್ ಸಿಂಡ್ರೋಮ್‌ನ ಸಂಭವ 20ರ ಹರೆಯದಲ್ಲಿ ಸುಮಾರು 1500ಕ್ಕೆ ಒಂದಿದ್ದರೆ 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಗ್ರಹಣಕ್ಕಾಗಲೀ ತಿಂದ ಪಪಾಯಿಗಾಗಲೀ ಇದರಲ್ಲಿ ಪಾತ್ರವಿಲ್ಲ.

ದಕ್ಷಿಣ ಕರ್ನಾಟಕದಲ್ಲಿ ಸೋದರಮಾವ-ಸೊಸೆ, ಅತ್ತೆ-ಮಾವನ ಮಕ್ಕಳ ಮದುವೆ ಹಿಂದಿನಿಂದ ಬಂದ ರೂಢಿ. ರಕ್ತಸಂಬಂಧದ ಮದುವೆಯಿಂದ ತಲಸ್ಸೇಮಿಯಾದಂಥ, ಇಬ್ಬರಿಂದಲೂ ಒಂದೊಂದು ದೋಷವುಳ್ಳ ಜೀನು ಬಂದಾಗಲೇ ಕಾಣುವ ಕಾಯಿಲೆಗಳ ಸಂಭವ ಹೆಚ್ಚುತ್ತದೆ. ವರ್ಣತಂತುಗಳ ಸಂಖ್ಯೆಯ ಏರುಪೇರಿಗೂ ಅದಕ್ಕೂ ಹಾಗೆ ನಂಟು ಕಲ್ಪಿಸುವಂತಿಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಮಾತಾಡುವುದು ಸರಿಯಲ್ಲ.

ಸ್ಥಾನಾಂತರದ ವಿಷಯದಲ್ಲಿ ಮಾತ್ರ ಕುಟುಂಬದ ಎಳೆ ಹುಡುಕಲೇಬೇಕು. ಸುಮಾರು 500 ಮಂದಿಯಲ್ಲಿ ಒಬ್ಬರು ಸಮತೋಲಿತ ಸ್ಥಾನಾಂತರ ಹೊತ್ತು ಆರೋಗ್ಯವಾಗಿ ಓಡಾಡುತ್ತಿರುತ್ತಾರೆ. ಮಕ್ಕಳಿಗೆ ಹಂಚುವಾಗ ಕೆಲವು ಪುಟ ಹೆಚ್ಚಾಗಿಯೋ ಕಡಿಮೆಯಾಗಿಯೋ ಹೋದಾಗಲೇ ತೊಂದರೆ. ಬಸಿರು ಮೇಲಿಂದ ಮೇಲೆ ನಿಲ್ಲದೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಇದರ ಹೊಣೆ ಸಾಮಾನ್ಯವಾಗಿ ಸೊಸೆಯ ತಲೆಗೆ ಕಟ್ಟುತ್ತಾರೆ. ಸ್ಥಾನಾಂತರ ಹೊತ್ತವನು ಗಂಡನೂ ಆಗಿರಬಹುದು. ಅದಕ್ಕೇ ಪದೇ ಪದೇ ಗರ್ಭಪಾತವಾದಾಗ ಇಬ್ಬರ ರಕ್ತವನ್ನೂ ಪರೀಕ್ಷಿಸಬೇಕು ಎಂದು ವೈದ್ಯರು ಹೇಳುವುದು. ಗರ್ಭದ ಮಗುವಿನಲ್ಲಿ ಸ್ಥಾನಾಂತರ ಕಂಡಾಗಲೂ ಹೀಗೆಯೇ. ಅದೇ ಸ್ಥಾನಾಂತರ ಆರೋಗ್ಯವಂತ ಅಪ್ಪನಲ್ಲೋ ಅಮ್ಮನಲ್ಲೋ ಇದೆಯೆಂದು ತಿಳಿದರೆ ಆತಂಕದ ಭಾರ ಬಹಳಷ್ಟು ಇಳಿಯುತ್ತದೆ.

ಕಾನೂನು ಮತ್ತು ಕ್ಯಾಲೆಂಡರ್

ಭಾರತದಲ್ಲಿ ಈ ಪರೀಕ್ಷೆಯ ಇತಿಹಾಸಕ್ಕೆ ಒಂದು ಕಪ್ಪು ಅಧ್ಯಾಯವಿದೆ. 1970ರ ದಶಕದ ಮಧ್ಯಭಾಗದಲ್ಲಿ ದೋಷ ಪತ್ತೆಗೆಂದು ಬಂದ ಗರ್ಭಜಲ ಪರೀಕ್ಷೆ ಬಹುಬೇಗ ಹೆಣ್ಣು ಭ್ರೂಣ ಪತ್ತೆಯ ಸಾಧನವಾಯಿತು. ವರ್ಣತಂತುಗಳನ್ನು ಜೋಡಿಸಿದವನಿಗೆ 23ನೆಯ ಜೋಡಿ ಕಾಣದೆ ಇರುವುದಿಲ್ಲವಲ್ಲ! 1994ರಲ್ಲಿ ಸಂಸತ್ತು ಒಪ್ಪಿದ, 1996ರ ಜನವರಿ 1ರಿಂದ ಜಾರಿಯಾದ, 2003ರಲ್ಲಿ ಬಿಗಿಗೊಂಡ ಕಾಯ್ದೆ ಇದಕ್ಕೆ ತಡೆ ಒಡ್ಡಿತು. ನೋಂದಾಯಿತ ಕೇಂದ್ರಗಳಲ್ಲಿ, ಕಾಯ್ದೆ ಹೇಳಿದ ಕಾರಣಗಳಿಗಾಗಿ ಮಾತ್ರ ಪರೀಕ್ಷೆ ನಡೆಯಬೇಕು. ತಾಯಿಯ ವಯಸ್ಸು 35 ದಾಟಿರುವುದು, ಎರಡು ಅಥವಾ ಹೆಚ್ಚು ಗರ್ಭಪಾತ, ಕುಟುಂಬದಲ್ಲಿ ಆನುವಂಶಿಕ ಕಾಯಿಲೆಯ ಇತಿಹಾಸ ಇವು ಅಂಥ ಕಾರಣಗಳು. ಗರ್ಭಿಣಿಗೆ ಅರ್ಥವಾಗುವ ಭಾಷೆಯಲ್ಲಿ ಪರೀಕ್ಷೆಯ ಸಾಧಕ ಬಾಧಕ ವಿವರಿಸಿ, ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಆಕೆಗೆ ಕೊಡಬೇಕು. ಲಿಂಗವನ್ನು ಮಾತು, ಸನ್ನೆ ಯಾವ ರೀತಿಯಲ್ಲೂ ತಿಳಿಸಕೂಡದು. 'ಅರ್ಥವಾಗುವ ಭಾಷೆ' ಎಂಬ ಮಾತು ಕಾಯ್ದೆಯಲ್ಲೇ ಇದೆ ಎಂಬುದನ್ನು ಕನ್ನಡದ ಗರ್ಭಿಣಿ ತಿಳಿದಿರುವುದು ಒಳ್ಳೆಯದು.

ಇನ್ನೊಂದು ಕಾಯ್ದೆ ಕ್ಯಾಲೆಂಡರಿಗೆ ಸಂಬಂಧಿಸಿದ್ದು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ 20 ವಾರಗಳ ಗಡಿ ಹಾಕಿತ್ತು. 16ನೆಯ ವಾರ ಗರ್ಭಜಲ ತೆಗೆದು, ಎರಡು ಮೂರು ವಾರ ಕಾದು, ಅನುಮಾನವಿದ್ದರೆ ತಂದೆ-ತಾಯಿಯ ರಕ್ತ ಪರೀಕ್ಷಿಸಿ, ಅಂಗಾಂಗಗಳ ವಿವರವಾದ ಸ್ಕ್ಯಾನಿಂಗ್ ಮುಗಿಸುವ ಹೊತ್ತಿಗೆ ಆ ಗಡಿ ದಾಟಿಯೇ ಹೋಗುತ್ತಿತ್ತು. ಹಾಗಾಗಿ ಅನೇಕ ಕುಟುಂಬಗಳು ಕೋರ್ಟಿನ ಮೆಟ್ಟಿಲು ಹತ್ತಿದವು. 2017ರ ಫೆಬ್ರುವರಿಯಲ್ಲಿ, ಡೌನ್ ಸಿಂಡ್ರೋಮ್ ಪತ್ತೆಯಾಗಿದ್ದ 26 ವಾರಗಳ ಬಸಿರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅನುಮತಿ ನಿರಾಕರಿಸಿತು. 2021ರ ತಿದ್ದುಪಡಿ ಗಡಿಯನ್ನು ಕೆಲವು ವರ್ಗಗಳಿಗೆ 24 ವಾರಗಳಿಗೆ ಏರಿಸಿತು. ಭ್ರೂಣದಲ್ಲಿ ಗಣನೀಯ ದೋಷವಿದೆಯೆಂದು ವೈದ್ಯಕೀಯ ಮಂಡಳಿ ತೀರ್ಮಾನಿಸಿದರೆ ಆ ಗಡಿಯೂ ಅನ್ವಯಿಸದು. ಮಂಡಳಿಯಲ್ಲಿ ಇರಲೇಬೇಕೆಂದು ಕಾಯ್ದೆ ಹೆಸರಿಸಿರುವುದು ಸ್ತ್ರೀರೋಗ ತಜ್ಞ, ಮಕ್ಕಳ ತಜ್ಞ, ರೇಡಿಯಾಲಜಿಸ್ಟ್ ಅಥವಾ ಸೋನಾಲಜಿಸ್ಟರನ್ನು. ಬೇರೆಯವರನ್ನು ಸರ್ಕಾರ ಸೇರಿಸಬಹುದು. ಸ್ಥಾನಾಂತರ, ಮಾರ್ಕರ್, ಮೊಸಾಯಿಸಿಸಂನಂಥ ಪ್ರಕರಣಗಳಲ್ಲಿ ತಳಿವೈದ್ಯರಿಲ್ಲದ ಮಂಡಳಿ 'ಗಣನೀಯ' ಎಂಬ ಪದಕ್ಕೆ ಅರ್ಥ ಹುಡುಕುವುದು ಸುಲಭವಲ್ಲ.

ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವವರು ಎತ್ತುವ ಆಕ್ಷೇಪವೂ ಇಲ್ಲಿ ಕೇಳಬೇಕಾದದ್ದು. ಪರೀಕ್ಷೆ ಎಂದರೆ ಕೊನೆಗೆ ಗರ್ಭಪಾತವೇ ಎಂದು ಮೊದಲೇ ತೀರ್ಮಾನಿಸಿಕೊಂಡರೆ, ಅದೇ ದೋಷದೊಂದಿಗೆ ಈಗಾಗಲೇ ಬದುಕುತ್ತಿರುವವರಿಗೆ ಸಮಾಜ ಏನು ಹೇಳಿದಂತಾಯಿತು? ಇದರ ಎದುರಿಗೆ, ಜೀವನಪೂರ್ತಿ ಆರೈಕೆ ಬೇಡುವ ಮಗುವನ್ನು ಹೆಚ್ಚಿನ ನೆರವಿಲ್ಲದೆ ಸಾಕಬೇಕಾದ ತಾಯಿಯ ಅಳಲಿದೆ. ಎರಡೂ ಸುಳ್ಳಲ್ಲ. ಪರೀಕ್ಷೆ ಮಾಡಿಸಿ ಬಸಿರು ಮುಂದುವರಿಸುವವರೂ ಇದ್ದಾರೆ. ಅವರಿಗೆ ವರದಿಯಿಂದ ಸಿಗುವುದು ತಯಾರಿ: ಹೃದಯದ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಊರಿನಲ್ಲಿ ಹೆರಿಗೆ, ಹುಟ್ಟಿದ ದಿನದಿಂದಲೇ ಚಿಕಿತ್ಸೆ, ಮನಸ್ಸನ್ನು ಗಟ್ಟಿ ಮಾಡಿಕೊಳ್ಳಲು ನಾಲ್ಕು ತಿಂಗಳ ಕಾಲಾವಕಾಶ.

ವರದಿಯ ಮುಂದೆ ಕುಳಿತಾಗ

ಕರ್ನಾಟಕದಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು, ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂಥ ಕಡೆ ತಳಿವೈದ್ಯರ ಸಲಹೆ ಸಿಗುತ್ತದೆ. ಆದರೆ ರಕ್ತದ ಮಾದರಿ ಜಿಲ್ಲಾ ಕೇಂದ್ರದಿಂದ ಕೊರಿಯರ್‌ನಲ್ಲಿ ಹೋಗಿ ವರದಿ ಮೊಬೈಲಿಗೆ ಬರುವಷ್ಟು ಸುಲಭವಾಗಿ ಆಪ್ತಸಲಹೆ ಊರೂರಿಗೆ ಬಂದಿಲ್ಲ. ಹೊರದೇಶಗಳಲ್ಲಿ ಈ ಕೊರತೆಯನ್ನು ಪೋಷಕರೇ ಸ್ವಲ್ಪಮಟ್ಟಿಗೆ ತುಂಬಿದ್ದಾರೆ. ಬ್ರಿಟನ್ನಿನಲ್ಲಿ 1984ರಲ್ಲಿ ಟ್ರೈಸೋಮಿ 9 ಇರುವ ಮಕ್ಕಳ ಕುಟುಂಬಗಳಿಗಾಗಿ ಹುಟ್ಟಿದ ಪುಟ್ಟ ಗುಂಪು ಇಂದು 'ಯುನೀಕ್' ಎಂಬ ಹೆಸರಿನಲ್ಲಿ ಅಪರೂಪದ ವರ್ಣತಂತು ದೋಷಗಳ ಬಗ್ಗೆ ಸರಳ ಭಾಷೆಯ ಕೈಪಿಡಿಗಳನ್ನು ಹೊರತರುತ್ತಿದೆ. ಅವುಗಳಲ್ಲಿ ವೈದ್ಯರ ಮಾತಿನ ಜೊತೆಗೆ ಮಗು ಯಾವಾಗ ನಡೆಯಿತು, ಏನು ಕಂಡರೆ ನಗುತ್ತದೆ ಎಂಬ ತಂದೆ-ತಾಯಿಯರ ಮಾತೂ ಇರುತ್ತದೆ. ಸೂಕ್ಷ್ಮದರ್ಶಕ ಕೊಡಲಾರದ ಮಾಹಿತಿ ಅದು.

ಅಪರೂಪದ ದೋಷವೆಂಬ ವರದಿ ಕೈಗೆ ಬಂದಾಗ ಗಾಬರಿಯಲ್ಲಿ ಅಂದೇ ನಿರ್ಧಾರ ಮಾಡಬೇಕಾಗಿಲ್ಲ. ಹಾಗೆಂದು ವಾರಗಳನ್ನು ಸುಮ್ಮನೆ ಕಳೆಯುವಂತೆಯೂ ಇಲ್ಲ. ಇದು ಜರಡಿ ಪರೀಕ್ಷೆಯೋ, ಖಚಿತ ಪರೀಕ್ಷೆಯೋ? ದೋಷ ಕಂಡದ್ದು ಮಾಸಿನಲ್ಲೋ, ಮಗುವಿನಲ್ಲೋ? ಎಲ್ಲ ಕೋಶಗಳಲ್ಲೋ, ಕೆಲವುಗಳಲ್ಲಿ ಮಾತ್ರವೋ? ತಂದೆ-ತಾಯಿಯ ರಕ್ತ ಏನು ಹೇಳುತ್ತದೆ? ಸ್ಕ್ಯಾನಿಂಗ್‌ನಲ್ಲಿ ಹೃದಯ, ಮಿದುಳು, ಬೆಳವಣಿಗೆ ಹೇಗಿದೆ? ಇದೇ ದೋಷವಿರುವ ಎಷ್ಟು ಮಕ್ಕಳನ್ನು, ಎಷ್ಟು ವಯಸ್ಸಿನವರೆಗೆ ನೋಡಿ ಈ ಮಾತು ಹೇಳುತ್ತಿದ್ದೀರಿ? ಈ ಆರು ಪ್ರಶ್ನೆಗಳನ್ನು ಕೇಳುವ ಹಕ್ಕು ಪ್ರತಿ ಗರ್ಭಿಣಿಗೂ ಇದೆ. ಕೊನೆಯ ಪ್ರಶ್ನೆಗೆ ಬಹಳ ಸಲ ಪ್ರಾಮಾಣಿಕ ಉತ್ತರ 'ಹೆಚ್ಚು ಮಕ್ಕಳನ್ನು ನೋಡಿಲ್ಲ' ಎಂಬುದೇ ಆಗಿರುತ್ತದೆ. ಅದನ್ನು ಮುಚ್ಚಿಡದೆ ಹೇಳುವ ವೈದ್ಯರನ್ನು ನಂಬಬಹುದು.